ಮಂಗನ ಕೋಶಕ್ಕೆ ತಗಲುವ ಕೊರೊನಾ ಹೀಲಾ ಕೋಶಕ್ಕೆ ಯಾಕೆ ತಗಲುವುದಿಲ್ಲ?

ಪ್ರಶ್ನೆ: ನಾನು ಪೆರ್ಲದ ಹತ್ತಿರ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವವನು. ವೈರಸ್‌ಗಳ ವಿಷಯ ಹೇಳುತ್ತಿದ್ದಾಗ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎಲ್ಲೋ ಓದಿದ್ದನ್ನು ಹಿಡಿದುಕೊಂಡು ಕೇಳಿದಳು: "ಕೊರೊನಾ ವೈರಸ್ಸನ್ನು ಲ್ಯಾಬಿನಲ್ಲಿ ಬೆಳೆಸುವುದು ಮಂಗನ ಕಿಡ್ನಿಯ ಕೋಶದಲ್ಲಂತೆ. ಮನುಷ್ಯರದ್ದೇ ಆದ ಹೀಲಾ ಕೋಶಕ್ಕೆ ಅದು ತಗಲುವುದೇ ಇಲ್ಲವಂತೆ. ಕಾಯಿಲೆ ಬಂದದ್ದು ಮನುಷ್ಯರಿಗಲ್ಲವಾ ಮಾಷ್ಟ್ರೇ?" ನನಗೆ ಉತ್ತರ ಹೊಳೆಯಲಿಲ್ಲ. ಜೊತೆಗೆ ನನ್ನದೂ ಒಂದು ಸಂಶಯ: ಲ್ಯಾಬಿನಲ್ಲಿ ವೈರಸ್ಸನ್ನು ತಡೆದ ಹೈಡ್ರಾಕ್ಸಿಕ್ಲೋರೋಕ್ವಿನ್ ಆಸ್ಪತ್ರೆಯಲ್ಲಿ ಯಾಕೆ ಸೋತಿತು? ಕಡೆಗೆ ಆ ಹುಡುಗಿಯದ್ದೇ ಇನ್ನೊಂದು: ಯಾವ ಕೋಶದಲ್ಲೂ ಬೆಳೆಯದ ಕೊರೊನಾ ಇದೆಯಾ?

ಉತ್ತರ: ಮಾಷ್ಟ್ರೇ, ನಿಮ್ಮ ಹುಡುಗಿ ಕೇಳಿದ್ದನ್ನು 2020ರ ಮಾರ್ಚಿನಲ್ಲಿ ನಾನೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಆಗ ಊರಿನಿಂದ ಸೋದರಮಾವ ಫೋನ್ ಮಾಡಿದ್ದರು. ದೇಶದ ಮೂರನೇ ಕೇಸು ಫೆಬ್ರವರಿ 3ಕ್ಕೆ ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಪತ್ತೆಯಾಗಿತ್ತು. ವುಹಾನಿನಿಂದ ಮರಳಿದ ವಿದ್ಯಾರ್ಥಿ, ಕಾಞಂಗಾಡಿನ ಆಸ್ಪತ್ರೆ. ಮಾರ್ಚ್ ಮುಗಿಯುವಷ್ಟರಲ್ಲಿ ಊರಿಗೆ ಊರೇ ಬಾಗಿಲು ಹಾಕಿ ಕುಳಿತಿತ್ತು. "ಎಂತದೋ ಮಲೇರಿಯದ ಮಾತ್ರೆ ಇದಕ್ಕೂ ಆಗ್ತದಂತಲ್ಲ, ನೀನು ಇದರಲ್ಲೇ ಇರುವವನು, ಹೇಳು, ತಂದಿಡ್ಲಾ?" ಎಂದರು ಮಾವ. "ಲ್ಯಾಬಿನಲ್ಲಂತೂ ಒಳ್ಳೆ ರಿಸಲ್ಟ್ ಬಂದಿದೆ ಮಾವ" ಎಂದೆ ನಾನು. ಫೆಬ್ರವರಿಯಲ್ಲಿ ಚೀನಾದಿಂದ ಬಂದ ಆ ಪ್ರಬಂಧವನ್ನು ನಾನು ಓದಿದ್ದೆ. ಯಾವ ಕೋಶದಲ್ಲಿ ಪರೀಕ್ಷೆ ಮಾಡಿದ್ದೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ವೆರೊ ಇ6, ಅಂದರೆ ನಿಮ್ಮ ಹುಡುಗಿ ಹೇಳಿದ ಆ ಮಂಗನ ಕಿಡ್ನಿಯ ಕೋಶ. ದಿನಾ ಅದೇ ಕೋಶಕ್ಕೆ ಊಟ ಹಾಕುವ ನಾನು ಆ ಹೆಸರನ್ನು ಓದಿ ಮುಂದೆ ಹೋಗಿದ್ದೆ. ಪುಣ್ಯಕ್ಕೆ ಮದ್ದಿನಂಗಡಿಯಲ್ಲಿ ಮಾತ್ರೆ ಖಾಲಿಯಾಗಿತ್ತು. ಲೂಪಸ್, ಸಂಧಿವಾತ ಎಂದು ವರ್ಷಗಟ್ಟಲೆ ಅದೇ ಮಾತ್ರೆಯನ್ನು ನಂಬಿಕೊಂಡವರಿಗೂ ಅದು ಖಾಲಿಯಾಗಿತ್ತು ಎನ್ನುವುದು ಬೇರೆ ಮಾತು.

ಮೊದಲು ಮಂಗನ ಕೋಶದ ಕತೆ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಯಸುಮುರ ಮತ್ತು ಕವಕಿತ ಎಂಬಿಬ್ಬರು ಆಫ್ರಿಕಾದ ಹಸಿರು ಮಂಗನ ಮೂತ್ರಪಿಂಡದಿಂದ ಈ ಕೋಶಗಳನ್ನು ತೆಗೆದು ಬೆಳೆಸಿದರು. ಎಸ್ಪರಾಂಟೋ ಭಾಷೆಯಲ್ಲಿ ಹಸಿರು ಮೂತ್ರಪಿಂಡಕ್ಕೆ 'ವೆರ್ದಾ ರೆನೊ' ಎನ್ನುತ್ತಾರೆ. ಅದನ್ನು ಕತ್ತರಿಸಿ ಅಂಟಿಸಿದರೆ 'ವೆರೊ'. ಆ ಭಾಷೆಯಲ್ಲಿ ವೆರೊ ಎಂದರೆ ಸತ್ಯ ಎಂದೂ ಅರ್ಥವಿದೆ. ಆ ಎರಡನೇ ಅರ್ಥ ನಮ್ಮನ್ನು ಸ್ವಲ್ಪ ಹಾದಿ ತಪ್ಪಿಸಿತೋ ಏನೋ. ದೇಹದಿಂದ ತೆಗೆದ ಸಾಮಾನ್ಯ ಕೋಶ ಒಂದಷ್ಟು ಸಲ ಒಡೆದು ಎರಡಾಗಿ ಆಮೇಲೆ ನಿಂತುಬಿಡುತ್ತದೆ. ನಿಲ್ಲದೆ ಬೆಳೆಯುತ್ತಲೇ ಹೋಗುವ ವಂಶಕ್ಕೆ ಸೆಲ್ ಲೈನ್ ಎನ್ನುತ್ತೇವೆ. ಹೀಲಾ ಅಂಥದ್ದರಲ್ಲಿ ಮನುಷ್ಯರ ಮೊದಲನೆಯದ್ದು. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕೊರಳಿನ ಕ್ಯಾನ್ಸರಿನಿಂದ, ಅವರನ್ನು ಒಂದು ಮಾತು ಕೇಳದೆ ತೆಗೆದದ್ದು. ಅದೇ ವರ್ಷ ಅವರು ತೀರಿಕೊಂಡರು. ಕೋಶಗಳು ಇವತ್ತಿಗೂ ಬೆಳೆಯುತ್ತಿವೆ.

ಈಗ ಹುಡುಗಿಯ ಪ್ರಶ್ನೆ. ವೈರಸ್ಸಿಗೆ ಇದು ಮನುಷ್ಯನದ್ದು, ಅದು ಮಂಗನದ್ದು ಎಂಬ ಜಾತಿವಿಚಾರ ಇಲ್ಲ. ಅದಕ್ಕೆ ಬೇಕಾದದ್ದು ಕೋಶದ ಹೊರಮೈಯಲ್ಲಿ ಹಿಡಿದುಕೊಳ್ಳಲು ಒಂದು ಪ್ರೋಟೀನು. ಕೋವಿಡ್ ವೈರಸ್ಸು ಹಿಡಿಯುವುದು ಎಸಿಇ2 ಎಂಬುದನ್ನು. ರಕ್ತದೊತ್ತಡದ ನಿಯಂತ್ರಣದಲ್ಲಿ ಕೈಯಿರುವ ಪ್ರೋಟೀನು ಅದು, ವೈರಸ್ಸಿಗೋಸ್ಕರ ಹುಟ್ಟಿದ್ದೇನಲ್ಲ. 2003ರ ಸಾರ್ಸ್ ವೈರಸ್ಸಿಗೂ ಅದೇ ಬಾಗಿಲು. ಮೂತ್ರಪಿಂಡ ಮತ್ತು ಸಣ್ಣಕರುಳಿನಲ್ಲಿ ಅದು ಧಾರಾಳ. ಮಂಗನ ಎಸಿಇ2 ನಮ್ಮದನ್ನೇ ಹೋಲುವುದರಿಂದ ವೆರೊ ಕೋಶಕ್ಕೆ ಸೋಂಕು ಸಲೀಸು. ಹೀಲಾ ಕೋಶ ಮನುಷ್ಯರದ್ದು ಹೌದು, ಆದರೆ ಅದರ ಮೈಮೇಲೆ ಎಸಿಇ2 ಇಲ್ಲವೆನ್ನುವಷ್ಟು ಕಡಿಮೆ. ಜೀನ್ ಇದೆ, ಕೋಶ ಅದನ್ನು ಬಳಸುವುದಿಲ್ಲ. ಅಡುಗೆ ಪುಸ್ತಕ ಮನೆಯಲ್ಲಿದ್ದ ಮಾತ್ರಕ್ಕೆ ಅದರಲ್ಲಿರುವ ಎಲ್ಲ ಪದಾರ್ಥವೂ ಇವತ್ತಿನ ಊಟಕ್ಕೆ ಬರುವುದಿಲ್ಲವಲ್ಲ, ಹಾಗೆ.

ಇದು ಊಹೆಯಲ್ಲ, ಪರೀಕ್ಷೆ ಮಾಡಿ ನೋಡಿದ್ದು. 2020ರ ಆರಂಭದಲ್ಲೇ ವುಹಾನಿನ ವಿಜ್ಞಾನಿಗಳು ಹೀಲಾ ಕೋಶಗಳಿಗೆ ಬೇರೆ ಬೇರೆ ಪ್ರಾಣಿಗಳ ಎಸಿಇ2 ತೊಡಿಸಿದರು: ಮನುಷ್ಯ, ಕುದುರೆಲಾಳ ಬಾವಲಿ, ಪುನುಗುಬೆಕ್ಕು, ಹಂದಿ, ಇಲಿ. ಏನೂ ತೊಡಿಸದ ಹೀಲಾ ಸೋಂಕಿಲ್ಲದೆ ಉಳಿಯಿತು. ಮನುಷ್ಯ, ಬಾವಲಿ, ಪುನುಗು, ಹಂದಿಯ ಎಸಿಇ2 ತೊಟ್ಟದ್ದಕ್ಕೆಲ್ಲ ಸೋಂಕು ತಗಲಿತು. ಇಲಿಯದ್ದು ತೊಟ್ಟದ್ದಕ್ಕೆ ಮಾತ್ರ ಇಲ್ಲ. ಒಂದೇ ಕೋಶ, ಒಂದು ಪ್ರೋಟೀನು ಬದಲಾದರೆ ಉತ್ತರವೇ ಬದಲು. ಇದೇ ಹೀಲಾ 1950ರ ದಶಕದಲ್ಲಿ ಪೋಲಿಯೊ ವೈರಸ್ಸಿಗೆ ಚೆನ್ನಾಗಿ ತುತ್ತಾಗುತ್ತಿತ್ತು, ಲಸಿಕೆಯ ಪರೀಕ್ಷೆಗೆ ಅದನ್ನೇ ಬಳಸಿದರು. ಹಾಗಾಗಿ ಹೀಲಾವನ್ನು ಗಟ್ಟಿ ಕೋಶ ಎಂದು ಹೇಳಲಿಕ್ಕಾಗದು. ಕೋವಿಡ್ ವೈರಸ್ಸಿಗೆ ಅದರಲ್ಲಿ ಬಾಗಿಲಿಲ್ಲ, ಅಷ್ಟೆ.

ಹುಡುಗಿಗೆ ಇನ್ನೊಂದು ಸಂಗತಿ ಹೇಳಿ, ಅವಳಿಗೆ ಮಜಾ ಬರುತ್ತದೆ. ಎ549 ಎಂಬ ಸೆಲ್ ಲೈನ್ ಮನುಷ್ಯನ ಶ್ವಾಸಕೋಶದ ಕ್ಯಾನ್ಸರಿನದ್ದು. ಶ್ವಾಸಕೋಶದ ಕಾಯಿಲೆ, ಶ್ವಾಸಕೋಶದ ಕೋಶ, ಇದಕ್ಕಿಂತ ಸರಿಜೋಡಿ ಉಂಟಾ ಎಂದು ಎಷ್ಟೋ ಲ್ಯಾಬಿನವರು ಅದಕ್ಕೆ ಕೈಹಾಕಿ ಸೋತರು. ಅದರಲ್ಲೂ ಎಸಿಇ2 ತೀರಾ ಕಡಿಮೆ. ಹೊರಗಿನಿಂದ ಜೀನ್ ಹಾಕಿದ ಮೇಲಷ್ಟೇ ಅದಕ್ಕೆ ಸೋಂಕು ಸರಿಯಾಗಿ ತಗಲುವುದು. ಅತ್ತ ಕ್ಯಾಕೊ-2 ಎಂಬುದು ದೊಡ್ಡ ಕರುಳಿನದ್ದು. ಅದರಲ್ಲಿ ವೈರಸ್ಸು ಚೆನ್ನಾಗಿಯೇ ಬೆಳೆಯುತ್ತದೆ. ಬಾಟಲಿಯ ಮೇಲಿನ ಚೀಟಿ ನೋಡಿ ಅಂಗದ ಗುಣ ಹೇಳಲಿಕ್ಕಾಗುವುದಿಲ್ಲ ಮಾರಾಯ್ರೇ.

ಬಾಗಿಲೊಂದೇ ಕಾರಣವಾಗಿದ್ದರೆ ವೆರೊ ಇಷ್ಟು ಹೆಸರು ಮಾಡುತ್ತಿರಲಿಲ್ಲ. ಅದಕ್ಕೆ ಇನ್ನೊಂದು ಕೊರತೆ ಇದೆ, ನಮಗೆ ಅದೇ ಅನುಕೂಲ. ಮಾಮೂಲು ಕೋಶಕ್ಕೆ ವೈರಸ್ ಹೊಕ್ಕರೆ ಅದು ಇಂಟರ್‌ಫೆರಾನ್ ಎಂಬ ಕೂಗು ಹಾಕುತ್ತದೆ, ಅಕ್ಕಪಕ್ಕದ ಕೋಶಗಳು ಎಚ್ಚರಾಗುತ್ತವೆ. ವೆರೊದ ಹನ್ನೆರಡನೇ ಕ್ರೋಮೊಸೋಮಿನಲ್ಲಿ ಸುಮಾರು 90 ಲಕ್ಷ ಅಕ್ಷರಗಳಷ್ಟು ಡಿಎನ್ಎ ಬಿದ್ದುಹೋಗಿದೆ; ಆ ಇಂಟರ್‌ಫೆರಾನ್ ಜೀನ್‌ಗಳು ಅದರೊಟ್ಟಿಗೆ ಹೋಗಿವೆ. ಇದನ್ನು 2014ರಲ್ಲಿ ಜಪಾನಿನವರೇ ಅಕ್ಷರ ಅಕ್ಷರ ಓದಿ ತೋರಿಸಿದರು. ಬೇರೆಯವರ ಕೂಗು ವೆರೊಗೆ ಕೇಳಿಸುತ್ತದೆ, ತಾನು ಕೂಗಲಾರದು. ಮೂಗ ಕಾವಲುಗಾರ. ವೈರಸ್ ಬೆಳೆಸಲು ಇದಕ್ಕಿಂತ ಒಳ್ಳೆಯ ಹೊಲ ಇಲ್ಲ.

ನೋಡಲು ಹೇಗಿರುತ್ತದೆ ಎಂದು ಮಕ್ಕಳು ಕೇಳಬಹುದು. ಅಂಗೈಗಿಂತ ಚಿಕ್ಕದೊಂದು ಚಪ್ಪಟೆ ಪ್ಲಾಸ್ಟಿಕ್ ಫ್ಲಾಸ್ಕು. ಒಳಗೆ ಪುನರ್ಪುಳಿ ಶರಬತ್ತಿಗೆ ತುಂಬ ನೀರು ಹಾಕಿದರೆ ಬರುವ ಬಣ್ಣದ ದ್ರವ; ಅದೇ ಕೋಶಗಳ ಊಟ. ಊಟ ಹಳತಾಗಿ ಹುಳಿಯಾದರೆ ಬಣ್ಣ ಹಳದಿಗೆ ತಿರುಗುತ್ತದೆ, ಬದಲಾಯಿಸಬೇಕೆಂದು ಅರ್ಥ. 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಎರಡು ಮೂರು ದಿನ ಇಟ್ಟರೆ ಫ್ಲಾಸ್ಕಿನ ತಳಕ್ಕೆ ಕೋಶಗಳು ಒಂದರ ಪಕ್ಕ ಒಂದು ಒತ್ತಿಕೊಂಡು, ಸಂದಿಲ್ಲದೆ ಕಲ್ಲು ಹಾಸಿದ ಅಂಗಳದ ಹಾಗೆ ಕಾಣುತ್ತವೆ. ವೈರಸ್ ಹಾಕಿದ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಎರಡನೇ ದಿನ ಅಲ್ಲಲ್ಲಿ ಕೋಶಗಳು ಕೈಕಾಲು ಎಳೆದುಕೊಂಡು ದುಂಡಗಾಗಿ ಹೊಳೆಯತೊಡಗುತ್ತವೆ. ಮೂರನೇ ದಿನ ಹಾಸು ಹರಿದು, ದುಂಡಗಾದವು ತಳ ಬಿಟ್ಟು ತೇಲುತ್ತಿರುತ್ತವೆ. ಇದನ್ನು ಬಿಎಸ್ಎಲ್-3 ಎಂಬ ಬಿಗಿ ಕೋಣೆಯೊಳಗೆ, ಎರಡೆರಡು ಕೈಗವಸು ಹಾಕಿಕೊಂಡು ನೋಡಬೇಕು. ಮೂಗು ತುರಿಸಿದರೂ ಕೈ ಎತ್ತುವಂತಿಲ್ಲ. ಭಾರತದಲ್ಲಿ ಈ ವೈರಸ್ಸನ್ನು ಮೊದಲು ಬೇರ್ಪಡಿಸಿದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರೂ ವೆರೊ ಕೋಶವನ್ನೇ ಬಳಸಿದ್ದರು. ಕೋವ್ಯಾಕ್ಸಿನ್‌ಗಾಗಿ ವೈರಸ್ಸನ್ನು ರಾಶಿ ರಾಶಿ ಬೆಳೆಸಿ ನಿಷ್ಕ್ರಿಯಗೊಳಿಸಿದ್ದೂ ವೆರೊದಲ್ಲೇ. 2021ರ ಜೂನಿನಲ್ಲಿ "ಲಸಿಕೆಯಲ್ಲಿ ಕರುವಿನ ರಕ್ತ ಉಂಟಂತೆ" ಎಂದು ವಾಟ್ಸಾಪಿನಲ್ಲಿ ಓಡಿದ ಸುದ್ದಿ ನೆನಪಿರಬಹುದು. ಕರುವಿನ ಸೀರಮ್ಮು ಕೋಶದ ಊಟಕ್ಕೆ ಬೀಳುತ್ತದೆ, ಅದು ದಶಕಗಳ ಪದ್ಧತಿ; ವೈರಸ್ ಹಾಕುವ ಮೊದಲೇ ಅದನ್ನು ತೊಳೆದು ತೆಗೆಯುತ್ತಾರೆ, ಕೊನೆಯ ಲಸಿಕೆಯಲ್ಲಿ ಇರುವುದಿಲ್ಲ ಎಂದು ಆರೋಗ್ಯ ಸಚಿವಾಲಯವೂ ಹೇಳಬೇಕಾಯಿತು.

ಇನ್ನು ನಿಮ್ಮ ಪ್ರಶ್ನೆ: ಆ ಮಲೇರಿಯದ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಆಸ್ಪತ್ರೆಯಲ್ಲಿ ಯಾಕೆ ಸೋತಿತು. ಇದನ್ನು ಬೇರೆ ಊರಿನವರಿಗೆ ವಿವರಿಸುವುದಕ್ಕಿಂತ ನಮ್ಮ ಗಡಿಯವರಿಗೆ ವಿವರಿಸುವುದು ಸುಲಭ.

ಎಸಿಇ2 ಹಿಡಿದುಕೊಂಡರೆ ಮಾತ್ರ ಸಾಲದು. ವೈರಸ್ಸಿನ ಮೈಮೇಲಿರುವ ಮುಳ್ಳನ್ನು (ಸ್ಪೈಕ್ ಪ್ರೋಟೀನನ್ನು) ಒಂದು ಕಡೆ ಯಾರಾದರೂ ಕತ್ತರಿಸಿ ಕೊಡಬೇಕು, ಆಗಲೇ ಅದು ಕೋಶದ ಪೊರೆಯೊಂದಿಗೆ ಬೆಸೆದುಕೊಳ್ಳುವುದು. ಈ ಕತ್ತರಿಯೂ ಒಂದು ಬಗೆಯ ಪ್ರೋಟೀನೇ, ಎರಡು ಜಾಗದಲ್ಲಿ ಸಿಗುತ್ತದೆ. ಒಂದು ಕೋಶದ ಹೊರಮೈಯಲ್ಲೇ ಇರುವ ಟಿಎಂಪಿಆರ್‌ಎಸ್‌ಎಸ್2. ಅದಿದ್ದರೆ ಬಾಗಿಲಲ್ಲೇ ಕೆಲಸ ಮುಗಿದು ವೈರಸ್ ನೇರ ಒಳಗೆ. ಇದು ನಮ್ಮಲ್ಲಿಂದ ಗಡಿ ದಾಟಿ ನೇರ ಮಂಗಳೂರಿಗೆ ಹೋಗುವ ತಲಪಾಡಿಯ ಹೆದ್ದಾರಿ. ಅದಿಲ್ಲದಿದ್ದರೆ ಕೋಶ ವೈರಸ್ಸನ್ನು ಒಂದು ಚೀಲದಲ್ಲಿ ಸುತ್ತಿ ಒಳಗೆಳೆಯುತ್ತದೆ. ಆ ಚೀಲ ಮೆಲ್ಲ ಹುಳಿಯಾಗುತ್ತದೆ, ಹುಳಿಯಲ್ಲಿ ಕ್ಯಾಥೆಪ್ಸಿನ್ ಎಂಬ ಬೇರೆ ಕತ್ತರಿ ಚುರುಕಾಗಿ ಮುಳ್ಳನ್ನು ಕಡಿಯುತ್ತದೆ. ಇದು ಗುಡ್ಡ ತೋಟ ಬಳಸಿ ಹೋಗುವ ಒಳದಾರಿ. 2020ರ ಮಾರ್ಚಿನಲ್ಲಿ ರಸ್ತೆಗೆ ಮಣ್ಣು ಸುರಿದು ಮಂಗಳೂರಿನ ದಾರಿ ಮುಚ್ಚಿದಾಗ ಈ ಎರಡು ಬಗೆಯ ದಾರಿಯ ವ್ಯತ್ಯಾಸ ನಮ್ಮಷ್ಟು ಯಾರಿಗೆ ಗೊತ್ತಾಗಿತ್ತು ಹೇಳಿ.

ಕ್ಲೋರೋಕ್ವಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಎರಡೂ ಮಾಡುವುದು ಆ ಚೀಲದ ಹುಳಿ ಕಳೆಯುವ ಕೆಲಸ. ಹುಳಿ ಹೋದರೆ ಒಳದಾರಿಯ ಕತ್ತರಿ ಮೊಂಡು. ವೆರೊ ಕೋಶದಲ್ಲಿ ಟಿಎಂಪಿಆರ್‌ಎಸ್‌ಎಸ್2 ಹೆಚ್ಚುಕಡಿಮೆ ಇಲ್ಲ, ಅಂದರೆ ಹೆದ್ದಾರಿಯೇ ಇಲ್ಲದ ಊರು ಅದು. ಇದ್ದ ಒಂದೇ ಒಳದಾರಿ ಮುಚ್ಚಿದಾಗ ವೈರಸ್ ಹೊರಗೇ ಉಳಿಯಿತು, ಗ್ರಾಫು ಚಂದ ಬಂತು. ಆದರೆ ನಮ್ಮ ಉಸಿರುನಾಳ, ಶ್ವಾಸಕೋಶದ ಕೋಶಗಳಲ್ಲಿ ಹೆದ್ದಾರಿ ತೆರೆದೇ ಇತ್ತು.

ಇದನ್ನು ನೇರವಾಗಿ ತೋರಿಸಿದ್ದು ಜರ್ಮನಿಯ ಗಟ್ಟಿಂಗೆನ್‌ನ ಹಾಫ್‌ಮನ್, ಪೋಲ್ಮನ್ ತಂಡ, 2020ರ ಜುಲೈಯಲ್ಲಿ. ಅವರು ಅದೇ ಮದ್ದನ್ನು ವೆರೊಕ್ಕೂ ಹಾಕಿದರು, ಕ್ಯಾಲು-3 ಎಂಬ ಶ್ವಾಸಕೋಶದ ಸೆಲ್ ಲೈನಿಗೂ ಹಾಕಿದರು. ಕ್ಯಾಲು-3ರಲ್ಲಿ ಎಸಿಇ2 ಇದೆ, ಟಿಎಂಪಿಆರ್‌ಎಸ್‌ಎಸ್2 ಕೂಡ ಇದೆ. ವೆರೊದಲ್ಲಿ ಕ್ಲೋರೋಕ್ವಿನ್ ಸೋಂಕು ತಡೆಯಿತು, ಕ್ಯಾಲು-3ರಲ್ಲಿ ತಡೆಯಲಿಲ್ಲ. ಅಷ್ಟರಲ್ಲಿ ಜೂನಿನಲ್ಲೇ ಬ್ರಿಟನ್ನಿನ ರಿಕವರಿ ಪರೀಕ್ಷೆಯ ತೀರ್ಪು ಬಂದಾಗಿತ್ತು. ಆಮೇಲೆ ಪ್ರಕಟವಾದ ಅಂತಿಮ ಲೆಕ್ಕ ಹೀಗೆ: ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದ 1,561 ರೋಗಿಗಳಲ್ಲಿ 28 ದಿನದೊಳಗೆ ತೀರಿಕೊಂಡವರು ಶೇ. 27, ಮಾಮೂಲು ಚಿಕಿತ್ಸೆ ಪಡೆದ 3,155 ಜನರಲ್ಲಿ ಶೇ. 25. ಅನುಕ್ರಮ ತಿರುಗುಮುರುಗು ಆಯಿತೆಂದೇ ನನ್ನ ಅಸಮಾಧಾನ. ಕ್ಯಾಲು-3ರಲ್ಲಿ ಮೊದಲು ನೋಡಿದ್ದರೆ ಒಂದೆರಡು ವಾರದ ಲ್ಯಾಬ್ ಕೆಲಸ ಸಾಕಿತ್ತು. ಯಾಕೆ ನೋಡಲಿಲ್ಲ ಎಂದರೆ ಕ್ಯಾಲು-3 ನಿಧಾನಿ, ಗುಂಪುಗುಂಪಾಗಿ ಬೆಳೆಯುತ್ತದೆ, ಫ್ಲಾಸ್ಕು ತುಂಬಲು ವಾರ ಮೀರುತ್ತದೆ. ವೆರೊ ಎಲ್ಲರ ಫ್ರೀಜರಿನಲ್ಲೂ ಇತ್ತು. ಕೈಗೆ ಸಿಕ್ಕ ಪಾತ್ರೆಯಲ್ಲಿ ಅಡುಗೆಗೆ ಇಟ್ಟೆವು.

ಹಾಗೆಂದು ವೆರೊ ಯಾವಾಗಲೂ ಮದ್ದಿನ ಪರವಾಗಿಯೇ ಸುಳ್ಳು ಹೇಳುತ್ತದೆ ಎಂದುಕೊಳ್ಳಬೇಡಿ. ರೆಮ್ಡಿಸಿವಿರ್ ವಿಷಯದಲ್ಲಿ ಅದು ಉಲ್ಟಾ ಹೇಳಿತು. ಆ ಮದ್ದು ಕೋಶದೊಳಗೆ ಹೋಗಿ ರೂಪ ಬದಲಾಯಿಸಿದ ಮೇಲಷ್ಟೇ ಕೆಲಸ ಮಾಡುವುದು. ವೆರೊ ಕೋಶ ಆ ಬದಲಾವಣೆಯಲ್ಲಿ ಸೋಮಾರಿ. ಹಾಗಾಗಿ ವೆರೊದಲ್ಲಿ ಅದರ ಬಲ ಕಡಿಮೆ ಕಂಡಿತು, ಕ್ಯಾಲು-3ರಲ್ಲಿ ಹಲವು ಪಟ್ಟು ಕಡಿಮೆ ಪ್ರಮಾಣವೇ ಸಾಕಾಯಿತು. ಐವರ್‌ಮೆಕ್ಟಿನ್ನಿನ ಕತೆ ಮತ್ತೂ ಬೇರೆ: 2020ರ ಏಪ್ರಿಲಿನಲ್ಲಿ ಆಸ್ಟ್ರೇಲಿಯದವರು ವೆರೊ ಕೋಶದಲ್ಲಿ 48 ಗಂಟೆಗೆ ವೈರಸ್ಸು ಸುಮಾರು 5,000 ಪಟ್ಟು ಕಡಿಮೆಯಾದದ್ದನ್ನು ತೋರಿಸಿದರು. ಆದರೆ ಫ್ಲಾಸ್ಕಿಗೆ ಹಾಕಿದ ಸಾಂದ್ರತೆ, ಮಾಮೂಲು ಡೋಸ್ ನುಂಗಿದ ಮನುಷ್ಯನ ರಕ್ತದಲ್ಲಿ ಸಿಗುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅಲ್ಲಿ ಕೋಶದ್ದಲ್ಲ, ಅಳತೆಯ ತಕರಾರು.

ವೈರಸ್ಸೂ ಸುಮ್ಮನಿರುವುದಿಲ್ಲ ಎಂಬುದನ್ನೂ ಹೇಳಬೇಕು. ನಿನ್ನೆಯ ಮೊಸರಿನಿಂದ ಒಂದು ಚಮಚ ತೆಗೆದು ಇವತ್ತಿನ ಹಾಲಿಗೆ ಹೆಪ್ಪು ಹಾಕುವ ಹಾಗೆ ನಾವು ಒಂದು ಫ್ಲಾಸ್ಕಿನ ವೈರಸ್ಸನ್ನು ಮುಂದಿನ ಫ್ಲಾಸ್ಕಿಗೆ ದಾಟಿಸುತ್ತ ಹೋಗುತ್ತೇವೆ. ಒಂದೇ ಹೆಪ್ಪನ್ನು ತಿಂಗಳುಗಟ್ಟಲೆ ಎಳೆದರೆ ಮೊಸರಿನ ರುಚಿ ಕೆಡುತ್ತದೆ, ನಮ್ಮಮ್ಮ ನಡುವೆ ಪಕ್ಕದ ಮನೆಯಿಂದ ಹೊಸ ಹೆಪ್ಪು ತರಿಸುತ್ತಿದ್ದರು. ವೆರೊ ಇ6ರಲ್ಲಿ ಕೆಲವೇ ಸಲ ದಾಟಿಸಿದರೂ ಕೋವಿಡ್ ವೈರಸ್ಸು ತನ್ನ ಮುಳ್ಳಿನಲ್ಲಿರುವ ಫ್ಯೂರಿನ್ ಎಂಬ ಕತ್ತರಿಯ ಗುರುತನ್ನು ಕಳೆದುಕೊಳ್ಳತೊಡಗುತ್ತದೆ. ಮನುಷ್ಯನ ಉಸಿರುನಾಳದಲ್ಲಿ ಹರಡಲು ಬೇಕಾದ ಗುರುತು ಅದು. ಹೆದ್ದಾರಿಯೇ ಇಲ್ಲದ ವೆರೊದಲ್ಲಿ ಅದು ಹೊರೆ. ಹೀಗೆ ಬಾಟಲಿಯಲ್ಲಿ ಉಳಿದದ್ದು ರೋಗಿಯ ಮೂಗಿನಿಂದ ತೆಗೆದ ವೈರಸ್ಸಲ್ಲ, ಫ್ಲಾಸ್ಕಿಗೆ ಒಗ್ಗಿದ ಅದರ ದಾಯಾದಿ. ಇದು ಗೊತ್ತಾದ ಮೇಲೆ ಟಿಎಂಪಿಆರ್‌ಎಸ್‌ಎಸ್2 ತೊಡಿಸಿದ ವೆರೊ ಕೋಶಗಳನ್ನು ಬಳಸುವ ರೂಢಿ ಹೆಚ್ಚಿತು. ಆಮೇಲೆ ಒಮಿಕ್ರಾನ್ ಬಂತು, ಅದು ಹೆದ್ದಾರಿ ಬಿಟ್ಟು ಒಳದಾರಿಯ ಕಡೆ ವಾಲಿತು, ಕ್ಯಾಲು-3ರಲ್ಲಿ ಮೊದಲಿನವುಗಳಷ್ಟು ಚೆನ್ನಾಗಿ ಬೆಳೆಯಲಿಲ್ಲ. ಹಾಂಕಾಂಗಿನಲ್ಲಿ ಮನುಷ್ಯರ ಅಂಗಾಂಶದ ತುಣುಕಿನಲ್ಲೇ ಬೆಳೆಸಿ ನೋಡಿದಾಗ ಅದು ಶ್ವಾಸನಾಳದಲ್ಲಿ ಡೆಲ್ಟಾಗಿಂತ ವೇಗ, ಶ್ವಾಸಕೋಶದಲ್ಲಿ ನಿಧಾನ ಎಂದು ಕಂಡಿತು. ಅಲ್ಲಿಗೆ ಒಂದು ವೈರಸ್ಸಿಗೆ ಸರಿಹೊಂದಿದ ಕೋಶ ಅದರ ಮರಿಗೂ ಸರಿಹೊಂದೀತೆಂಬ ಖಾತ್ರಿಯೂ ಹೋಯಿತು.

ಕೊನೆಗೆ ಹುಡುಗಿಯ ಎರಡನೇ ಪ್ರಶ್ನೆ: ಯಾವ ಕೋಶದಲ್ಲೂ ಬೆಳೆಯದ ಕೊರೊನಾ. ಇತ್ತು. 2005ರಲ್ಲಿ ಹಾಂಕಾಂಗಿನವರು ಎಚ್‌ಕೆಯು1 ಎಂಬ ನೆಗಡಿ ಕೊರೊನಾ ವೈರಸ್ಸನ್ನು ವರದಿ ಮಾಡಿದರು. ಅದರ ಜೀನ್ ಪೂರ್ತಿ ಓದಿದ್ದಾಯಿತು, ಬೆಳೆಸಲು ಮಾತ್ರ ಆಗಲಿಲ್ಲ. ವೆರೊ, ಹೀಲಾ, ಕಂಡ ಕಂಡ ಸೆಲ್ ಲೈನ್ ಯಾವುದೂ ಅದಕ್ಕೆ ಒಗ್ಗಲಿಲ್ಲ. 2010ರಲ್ಲಿ ಅದು ಬೆಳೆದದ್ದು ಸೆಲ್ ಲೈನಿನಲ್ಲಲ್ಲ, ಮನುಷ್ಯರ ಉಸಿರುನಾಳದಿಂದ ತೆಗೆದ ತಾಜಾ ಕೋಶಗಳಲ್ಲಿ. ಆ ಕೋಶಗಳಿಗೆ ಕೆಳಗಿನಿಂದ ಊಟ, ಮೇಲಿನಿಂದ ಗಾಳಿ ಕೊಟ್ಟು ಮೂರು ನಾಲ್ಕು ವಾರ ಸಾಕಿದರೆ ಅವು ಲೋಳೆ ಬಿಡುತ್ತವೆ, ಮೇಲೆ ಸಣ್ಣ ಕೂದಲು ಮೂಡಿಸಿಕೊಂಡು ಒಂದೇ ದಿಕ್ಕಿಗೆ ಬೀಸತೊಡಗುತ್ತವೆ. ನಮ್ಮ ಗಂಟಲೊಳಗೆ ಆಗುವುದೇ ಅಲ್ಲೂ. ಖರ್ಚು ವಿಪರೀತ, ಅದಕ್ಕೇ ಎಲ್ಲರೂ ಮೊದಲು ವೆರೊದ ಬಾಗಿಲು ತಟ್ಟುವುದು.

ಅಷ್ಟಾದರೂ ಎಚ್‌ಕೆಯು1 ಒಳಗೆ ಹೋಗಲು ಯಾವ ಪ್ರೋಟೀನನ್ನು ಹಿಡಿಯುತ್ತದೆ ಎಂಬುದು ಗೊತ್ತಾಗಲು 2023 ಬರಬೇಕಾಯಿತು. ಅದು ಹಿಡಿಯುವುದು ಟಿಎಂಪಿಆರ್‌ಎಸ್‌ಎಸ್2 ಎಂಬ ಆ ಕತ್ತರಿಯನ್ನೇ.

ಮೇ ರಜೆಗೆ ಪೆರ್ಲಕ್ಕೆ ಬರುವವನಿದ್ದೇನೆ. ನೇರಳೆ ಬಣ್ಣ ಹಾಕಿದ ವೆರೊ ತಟ್ಟೆಗಳ ಫೋಟೊ ತರುತ್ತೇನೆ; ವೈರಸ್ಸು ಕೋಶಗಳನ್ನು ತಿಂದು ಹಾಕಿದ ಕಡೆ ಬಿಳಿ ತೂತುಗಳು ಬಿದ್ದಿರುತ್ತವೆ, ಒಂದು ತೂತು ಎಂದರೆ ಶುರುವಿಗೆ ಒಂದು ವೈರಸ್ಸು ಎಂದು ಲೆಕ್ಕ. ಅವಳೇ ಎಣಿಸಲಿ.